ಒಂದೇ ಪೂಜೆ, ಎರಡು ಬೀಗ: ಮಲಂಕರ ಸಭೆಯ ಒಡಕು ಕಲಿಸುವ ಪಾಠ

2019ರ ಕೊನೆಯ ತಿಂಗಳುಗಳಲ್ಲಿ ಕೇರಳದ ಆಲಪ್ಪುಳ ಜಿಲ್ಲೆಯ ಹಳ್ಳಿಯೊಂದರಲ್ಲಿ ವಯೋವೃದ್ಧೆಯೊಬ್ಬರ ಶವ ಒಂದು ತಿಂಗಳಿಗೂ ಹೆಚ್ಚು ಕಾಲ ಅಂತ್ಯಸಂಸ್ಕಾರ ಕಾಣದೆ ಉಳಿಯಿತು. ಊರಿನಲ್ಲಿ ಸ್ಮಶಾನ ಇಲ್ಲವೆಂದಲ್ಲ, ಸ್ಥಳದ ಕೊರತೆಯೂ ಇರಲಿಲ್ಲ. ಅಡ್ಡಿಯಾದದ್ದು, ಆ ಸ್ಮಶಾನಕ್ಕೆ ಹೊಂದಿಕೊಂಡ ಚರ್ಚ್ ಯಾರಿಗೆ ಸೇರಿದ್ದು ಎಂಬ ಪ್ರಶ್ನೆ. ಮೃತರ ಕುಟುಂಬ ಜಾಕೋಬೈಟ್ ಪಂಗಡದ್ದು, ಚರ್ಚಿನ ಆಡಳಿತ ಆರ್ಥೊಡಾಕ್ಸ್ ಪಂಗಡದ್ದು. ತಮ್ಮ ಗುರುಗಳೇ ಅಂತ್ಯಕ್ರಿಯೆ ನಡೆಸಬೇಕೆಂದು ಒಬ್ಬರು, ಚರ್ಚಿನ ಅಧಿಕೃತ ಗುರುವಲ್ಲದವರಿಗೆ ಪ್ರವೇಶವಿಲ್ಲವೆಂದು ಇನ್ನೊಬ್ಬರು. ನಡುವೆ ಶವಪೆಟ್ಟಿಗೆ, ಅದರ ಸುತ್ತ ಪೊಲೀಸರು.

ಇಂಥ ಪ್ರಕರಣ ಅದೊಂದೇ ಆಗಿರಲಿಲ್ಲ. ಕೊನೆಗೆ ಕೇರಳ ಸರ್ಕಾರ 2020ರ ಜನವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿ, ಅದೇ ವರ್ಷ ಅದನ್ನು ಕಾಯ್ದೆಯಾಗಿಸಿತು. ಪಂಗಡ ಯಾವುದೇ ಇರಲಿ, ಪ್ರತಿಯೊಬ್ಬ ಸದಸ್ಯನಿಗೂ ಪೂರ್ವಜರು ಮಲಗಿರುವ ಸ್ಮಶಾನದಲ್ಲೇ ಮಣ್ಣಾಗುವ ಹಕ್ಕಿದೆ ಎಂಬುದು ಆ ಕಾಯ್ದೆಯ ಸಾರಾಂಶ. ಒಂದೇ ಧರ್ಮದ ಎರಡು ಗುಂಪುಗಳು ಸತ್ತವರನ್ನು ಎಲ್ಲಿ ಹೂಳಬೇಕೆಂಬುದನ್ನು ನಿರ್ಧರಿಸಲು ವಿಧಾನಸಭೆಯೇ ಕಾನೂನು ಮಾಡಬೇಕಾಯಿತು ಎಂಬುದು ಚಿಂತನಾರ್ಹ.

ಇದಕ್ಕಿಂತ ಚಿಂತನಾರ್ಹವಾದ ಸಂಗತಿ ಮತ್ತೊಂದಿದೆ. ಈ ಎರಡು ಪಂಗಡಗಳ ನಡುವೆ ಧಾರ್ಮಿಕ ಸಿದ್ಧಾಂತದ ಭಿನ್ನಾಭಿಪ್ರಾಯ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಇಬ್ಬರದೂ ಒಂದೇ ವಿಶ್ವಾಸ ಪ್ರಮಾಣ, ಒಂದೇ ಸುರಿಯಾನಿ ಪೂಜಾವಿಧಿ, ಅವೇ ಹಬ್ಬಗಳು, ಅವೇ ಉಪವಾಸಗಳು. ಒಂದೇ ಮನೆತನದ ಅಣ್ಣ ಒಂದು ಪಂಗಡದಲ್ಲಿ, ತಮ್ಮ ಇನ್ನೊಂದರಲ್ಲಿ ಇರುವ ಉದಾಹರಣೆಗಳೂ ಉಂಟು. ಹಾಗಾದರೆ ಜಗಳ ಯಾವುದರ ಬಗ್ಗೆ? ಸಭೆಯ ಕೊನೆಯ ಮಾತು ಯಾರದು, ಆಸ್ತಿಯ ಬೀಗದ ಕೈ ಯಾರ ಸೊಂಟದಲ್ಲಿರಬೇಕು ಎಂಬುದರ ಬಗ್ಗೆ. ಕ್ರೈಸ್ತ ಧರ್ಮದ ಎರಡು ಸಾವಿರ ವರ್ಷಗಳ ಇತಿಹಾಸದಲ್ಲಿ ನಡೆದ ಒಡಕುಗಳನ್ನು ಅರಿಯಲು ಮಲಂಕರ ಸಭೆಯ ಕಥೆಯಷ್ಟು ಸ್ಪಷ್ಟವಾದ ಉದಾಹರಣೆ ನಮ್ಮ ಹತ್ತಿರದಲ್ಲಿ ಬೇರೊಂದಿಲ್ಲ.

ಸಿದ್ಧಾಂತದ ಜಗಳಗಳು ಏನಾದವು?

ಕ್ರೈಸ್ತ ಧರ್ಮ ಒಡೆದದ್ದು ಸಿದ್ಧಾಂತದ ಕಾರಣಕ್ಕೆ ಎಂಬುದು ಸಾಮಾನ್ಯ ತಿಳಿವಳಿಕೆ. ಅದು ಪೂರ್ತಿ ಸುಳ್ಳಲ್ಲ. ಯೇಸುವಿನಲ್ಲಿ ದೈವತ್ವ ಮತ್ತು ಮನುಷ್ಯತ್ವ ಹೇಗೆ ಕೂಡಿವೆ ಎಂಬ ಪ್ರಶ್ನೆ ಐದನೇ ಶತಮಾನದಲ್ಲಿ ಎರಡು ದೊಡ್ಡ ಬಿರುಕುಗಳಿಗೆ ದಾರಿ ಮಾಡಿತು. 431ರಲ್ಲಿ ಎಫೆಸಸ್‌ನಲ್ಲಿ ಸೇರಿದ ಮಹಾಸಭೆಯ ತೀರ್ಮಾನವನ್ನು ಪರ್ಷಿಯಾದ ಪೂರ್ವ ಸುರಿಯಾನಿ ಸಭೆ ಒಪ್ಪಲಿಲ್ಲ. ಎದುರಾಳಿಗಳು ಅದನ್ನು ನೆಸ್ತೋರಿಯನ್ ಸಭೆಯೆಂದು ಕರೆದರು. 451ರಲ್ಲಿ ಕ್ಯಾಲ್ಸಿಡನ್‌ನಲ್ಲಿ ಸೇರಿದ ಮಹಾಸಭೆಯ ತೀರ್ಮಾನವನ್ನು ಆಂಟಿಯೋಕ್‌ನ ಪಶ್ಚಿಮ ಸುರಿಯಾನಿಗಳು, ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರು ಹಾಗೂ ಅರ್ಮೇನಿಯನ್ನರು ತಿರಸ್ಕರಿಸಿದರು. ಒಂದು ಗುಂಪು ಎರಡು ಸ್ವಭಾವಗಳನ್ನು ಅತಿಯಾಗಿ ಬೇರ್ಪಡಿಸುತ್ತದೆ ಎಂಬ ಆರೋಪ ಹೊತ್ತರೆ, ಮತ್ತೊಂದು ಅವನ್ನು ಅತಿಯಾಗಿ ಬೆರೆಸುತ್ತದೆ ಎಂಬ ಆರೋಪ ಹೊತ್ತಿತು. ಮುಂದೆ 1054ರಲ್ಲಿ ರೋಮ್ ಮತ್ತು ಕಾನ್‌ಸ್ಟಾಂಟಿನೋಪಲ್ ಪರಸ್ಪರ ಬಹಿಷ್ಕಾರ ಹಾಕಿಕೊಂಡವು.

ಆದರೆ ಈ ಜಗಳಗಳ ಮುಂದಿನ ಅಧ್ಯಾಯ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. 1054ರ ಬಹಿಷ್ಕಾರವನ್ನು 1965ರ ಡಿಸೆಂಬರ್ 7ರಂದು ಪೋಪ್ ಆರನೇ ಪೌಲ್ ಹಾಗೂ ಕಾನ್‌ಸ್ಟಾಂಟಿನೋಪಲ್‌ನ ಪಾತ್ರಿಯಾರ್ಕ್ ಅಥೆನಗೊರಸ್ ಒಟ್ಟಾಗಿ ರದ್ದುಗೊಳಿಸಿದರು. 1971ರಲ್ಲಿ ಅದೇ ಪೋಪ್ ಮತ್ತು ಆಂಟಿಯೋಕ್‌ನ ಪಾತ್ರಿಯಾರ್ಕ್ ಮೂರನೇ ಯಾಕೂಬ್ ಜಂಟಿ ಹೇಳಿಕೆ ನೀಡಿ, ಕ್ರಿಸ್ತನ ಕುರಿತ ತಮ್ಮ ವಿಶ್ವಾಸದಲ್ಲಿ ವ್ಯತ್ಯಾಸವಿಲ್ಲ, ಅದನ್ನು ಹೇಳುವ ಮಾತುಗಳಲ್ಲಷ್ಟೇ ವ್ಯತ್ಯಾಸ ಬೆಳೆದು ಬಂದಿದೆ ಎಂಬ ನಿಲುವಿಗೆ ಬಂದರು. 1984ರಲ್ಲಿ ಎರಡನೇ ಜಾನ್ ಪೌಲ್ ಮತ್ತು ಪಾತ್ರಿಯಾರ್ಕ್ ಮೊದಲನೇ ಝಕ್ಕಾ ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ತಮ್ಮ ಗುರುಗಳು ಸಿಗದ ಸಂದರ್ಭದಲ್ಲಿ ಭಕ್ತರು ಇನ್ನೊಂದು ಸಭೆಯ ಗುರುಗಳಿಂದ ಕೆಲವು ಸಂಸ್ಕಾರಗಳನ್ನು ಪಡೆಯಬಹುದೆಂದರು. 1994ರಲ್ಲಿ ರೋಮ್ ಮತ್ತು ಪೂರ್ವ ಸುರಿಯಾನಿ ಸಭೆಯ ನಡುವೆಯೂ ಇಂಥದೇ ಒಪ್ಪಂದವಾಯಿತು.

ಅಂದರೆ ಹದಿನೈದು ಶತಮಾನ ಹಳೆಯ ತಾತ್ವಿಕ ವಿವಾದ ಕಾಗದದ ಮೇಲೆ ಬಹುಮಟ್ಟಿಗೆ ಬಗೆಹರಿದಿದೆ. ಆದರೆ ಈ ಸಭೆಗಳು ಒಂದಾಗಿಲ್ಲ. ತತ್ವದ ಗಂಟು ಬಿಚ್ಚಿದ ಮೇಲೂ ಬಿಚ್ಚದೆ ಉಳಿದಿರುವುದು ಅಧಿಕಾರದ ಗಂಟು. ಇದಕ್ಕೆ ತದ್ವಿರುದ್ಧವಾದ ಸ್ಥಿತಿ ಕೇರಳದ್ದು. ಅಲ್ಲಿ ಬಿಚ್ಚಬೇಕಾದ ತತ್ವದ ಗಂಟೇ ಇಲ್ಲ, ಜಗಳ ಮಾತ್ರ ಇದೆ.

ಮಟ್ಟಾಂಚೇರಿಯ ಪ್ರತಿಜ್ಞೆ

ಕ್ರಿ.ಶ. 52ರಲ್ಲಿ ಯೇಸುವಿನ ಶಿಷ್ಯ ಸಂತ ತೋಮಸರು ಕೇರಳದ ಕರಾವಳಿಗೆ ಬಂದು ಸಭೆಯನ್ನು ಸ್ಥಾಪಿಸಿದರೆಂಬುದು ಅಲ್ಲಿನ ಕ್ರೈಸ್ತರ ಪರಂಪರಾಗತ ನಂಬಿಕೆ. ಒಂಬತ್ತನೇ ಶತಮಾನದಲ್ಲಿ ಕೊಲ್ಲಂನ ಚರ್ಚ್ ಒಂದಕ್ಕೆ ನೀಡಿದ ತಾಮ್ರಶಾಸನ ಆ ಹೊತ್ತಿಗಾಗಲೇ ಅಲ್ಲಿ ನೆಲೆಯೂರಿದ ಕ್ರೈಸ್ತ ಸಮುದಾಯವಿತ್ತೆಂಬುದಕ್ಕೆ ಸಾಕ್ಷಿ. ಪೋರ್ಚುಗೀಸರು ಬರುವ ಮುನ್ನ ಈ ಸಮುದಾಯಕ್ಕೆ ಬಿಷಪರು ಬರುತ್ತಿದ್ದುದು ಪೂರ್ವ ಸುರಿಯಾನಿ ಸಭೆಯಿಂದ. ಆದರೆ ಊರಿನ ವ್ಯವಹಾರವೆಲ್ಲ ಸ್ಥಳೀಯನೇ ಆದ ಆರ್ಚ್‌ಡೀಕನ್ ಕೈಯಲ್ಲಿತ್ತು. ದೂರದ ಬಿಷಪ್ ಪೂಜೆ, ದೀಕ್ಷೆಗಳಿಗೆ, ಹತ್ತಿರದ ಆರ್ಚ್‌ಡೀಕನ್ ಆಡಳಿತಕ್ಕೆ ಎಂಬ ಈ ಹಂಚಿಕೆ ಶತಮಾನಗಳ ಕಾಲ ಸಾಗಿತ್ತು.

ಅದನ್ನು ಕೆಡಿಸಿದವರು ಪೋರ್ಚುಗೀಸರು. 1599ರಲ್ಲಿ ಗೋವಾದ ಆರ್ಚ್‌ಬಿಷಪ್ ಅಲೇಶೊ ದ ಮೆನೆಜಿಸ್ ಉದಯಂಪೇರೂರಿನಲ್ಲಿ ಸಭೆ ಸೇರಿಸಿ, ಸ್ಥಳೀಯ ಆಚರಣೆಗಳನ್ನು ತಿದ್ದಿ ಇಡೀ ಸಮುದಾಯವನ್ನು ರೋಮ್‌ನ ಅಧಿಕಾರದ ಅಡಿಗೆ ತಂದರು. ಅಸಮಾಧಾನ ಅರ್ಧ ಶತಮಾನ ಒಳಗೇ ಕುದಿಯಿತು. 1653ರ ಜನವರಿ 3ರಂದು ಕೊಚ್ಚಿಯ ಮಟ್ಟಾಂಚೇರಿಯಲ್ಲಿ ಸಾವಿರಾರು ಜನ ಸೇರಿ, ಇನ್ನು ಜೆಸುಯಿಟ್ ಬಿಷಪರಿಗೆ ವಿಧೇಯರಾಗುವುದಿಲ್ಲವೆಂದು ಪ್ರತಿಜ್ಞೆ ಮಾಡಿದರು. ಶಿಲುಬೆಗೆ ಹಗ್ಗ ಕಟ್ಟಿ, ಅದನ್ನು ಹಿಡಿದು ಜನ ಆಣೆಯಿಟ್ಟರೆಂದೂ ಭಾರಕ್ಕೆ ಶಿಲುಬೆ ಬಾಗಿತೆಂದೂ ಪ್ರತೀತಿ. ಕೂನನ್ ಕುರಿಶ್, ಎಂದರೆ ಬಾಗಿದ ಶಿಲುಬೆಯ ಪ್ರತಿಜ್ಞೆ ಎಂದು ಅದು ಹೆಸರಾಯಿತು. ನಂತರದ ವರ್ಷಗಳಲ್ಲಿ ರೋಮ್ ಕಳುಹಿಸಿದ ಕಾರ್ಮೆಲೈಟ್ ಸಂನ್ಯಾಸಿಗಳ ಪ್ರಯತ್ನದಿಂದ ಬಹಳಷ್ಟು ಮಂದಿ ಮರಳಿದರು. ಮರಳಿದವರು ಹಳೆ ಕೂಟದವರಾದರು, ಮರಳದವರು ಹೊಸ ಕೂಟದವರಾದರು.

ಮುಂದೆ ನಡೆದದ್ದು ಗಮನಿಸಬೇಕಾದ ಸಂಗತಿ. ಹೊಸ ಕೂಟದವರಿಗೆ ವಿಧಿವತ್ತಾದ ಬಿಷಪ್ ಬೇಕಿತ್ತು. ಪೂರ್ವದ ಸಭೆಗಳಿಗೆಲ್ಲ ಓಲೆ ಹೋಯಿತು. 1665ರಲ್ಲಿ ಬಂದವರು ಮಾರ್ ಗ್ರಿಗೋರಿಯೋಸ್ ಅಬ್ದಲ್ ಜಲೀಲ್. ಅವರು ಆಂಟಿಯೋಕ್‌ನ ಪಶ್ಚಿಮ ಸುರಿಯಾನಿ ಸಭೆಯವರು. 431ರ ವಿವಾದದಲ್ಲಿ ಒಂದು ತುದಿಯಲ್ಲಿದ್ದ ಪರಂಪರೆಯ ಮಲಂಕರ ಸಭೆ, 451ರ ವಿವಾದದಲ್ಲಿ ಇನ್ನೊಂದು ತುದಿಯಲ್ಲಿದ್ದ ಪರಂಪರೆಯನ್ನು ಸ್ವೀಕರಿಸಿತು. ಪೂಜಾವಿಧಿ, ಲಿಪಿ, ಉಡುಪು ಕ್ರಮೇಣ ಬದಲಾದವು. ಸಾಮ್ರಾಜ್ಯಗಳನ್ನೇ ಅಲುಗಿಸಿದ ಆ ತಾತ್ವಿಕ ಅಂತರವನ್ನು ಕೇರಳದ ಕ್ರೈಸ್ತರು ಹೆಚ್ಚಿನ ಗದ್ದಲವಿಲ್ಲದೆ ದಾಟಿದರು. ಅವರಿಗೆ ಆಗ ಮುಖ್ಯವಾಗಿದ್ದುದು ಬಿಷಪರ ಸಿದ್ಧಾಂತಕ್ಕಿಂತ ತಮ್ಮನ್ನು ತಮ್ಮಷ್ಟಕ್ಕೆ ಬಿಡುವ ಬಿಷಪ್.

ಬಡ್ಡಿಯ ಹಣ, ನ್ಯಾಯಾಲಯದ ಮೆಟ್ಟಿಲು

ಹೊಸ ಅತಿಥಿ ಕ್ರಮೇಣ ಮನೆಯ ಯಜಮಾನಿಕೆ ಕೇಳಿದಾಗ ಹಳೆಯ ಸಮಸ್ಯೆ ಮರುಕಳಿಸಿತು. 1808ರಲ್ಲಿ ಸಭೆಯ ಮೂರು ಸಾವಿರ ವರಾಹಗಳನ್ನು ಶೇಕಡಾ 8ರ ಬಡ್ಡಿಗೆ ಈಸ್ಟ್ ಇಂಡಿಯಾ ಕಂಪನಿಯಲ್ಲಿ ಶಾಶ್ವತ ಠೇವಣಿಯಾಗಿ ಇಡಲಾಗಿತ್ತು. ವಟ್ಟಿಪ್ಪಣಂ, ಅಂದರೆ ಬಡ್ಡಿಯ ಹಣ ಎಂದೇ ಅದು ಪ್ರಸಿದ್ಧ. ಈ ಬಡ್ಡಿಯನ್ನು ಸಹಿ ಹಾಕಿ ಪಡೆಯುವವನು ಯಾರೋ ಅವನೇ ಸಭೆಯ ನಿಜವಾದ ಮೆಟ್ರೊಪಾಲಿಟನ್ ಎಂಬಂತಾಯಿತು.

ಇಂಗ್ಲಿಷ್ ಮಿಷನರಿಗಳ ಪ್ರಭಾವದಿಂದ ಸುಧಾರಣೆ ಬಯಸಿದವರಿಗೂ ಆಂಟಿಯೋಕ್‌ಗೆ ನಿಷ್ಠರಾದವರಿಗೂ ನಡೆದ ಮೊಕದ್ದಮೆ 1889ರಲ್ಲಿ ತಿರುವಾಂಕೂರಿನ ರಾಜನ್ಯಾಯಾಲಯದಲ್ಲಿ ಮುಗಿಯಿತು. ಸುಧಾರಣಾವಾದಿಗಳು ಸೋತರು. ಅವರೇ ಇಂದಿನ ಮಾರ್ ತೋಮಾ ಸಭೆ. ಈ ಪ್ರಕರಣದಲ್ಲಿ ಸಿದ್ಧಾಂತದ ಪಾತ್ರ ನಿಜಕ್ಕೂ ಇತ್ತು ಎಂಬುದನ್ನು ಒಪ್ಪಬೇಕು. ಸಂತರಿಗೆ ಸಲ್ಲಿಸುವ ಪ್ರಾರ್ಥನೆ, ಸತ್ತವರಿಗಾಗಿ ಮಾಡುವ ಪ್ರಾರ್ಥನೆಗಳ ಬಗ್ಗೆ ಎರಡೂ ಕಡೆಯವರಿಗೆ ಪ್ರಾಮಾಣಿಕ ಭಿನ್ನಮತವಿತ್ತು. ಆದರೂ ನ್ಯಾಯಾಲಯ ತೀರ್ಮಾನಿಸಬೇಕಾದದ್ದು ಕೊಟ್ಟಯಂ ಸೆಮಿನರಿ ಹಾಗೂ ಸಭೆಯ ಆಸ್ತಿ ಯಾರದೆಂಬುದನ್ನೇ.

ಇಪ್ಪತ್ತು ವರ್ಷಗಳ ನಂತರದ ಜಗಳದಲ್ಲಿ ಸಿದ್ಧಾಂತ ನೆಪಕ್ಕೂ ಇರಲಿಲ್ಲ. ಕೇರಳಕ್ಕೆ ಬಂದಿದ್ದ ಪಾತ್ರಿಯಾರ್ಕ್ ಅಬ್ದುಲ್ಲಾ ಅವರಿಗೂ ಮೆಟ್ರೊಪಾಲಿಟನ್ ವಟ್ಟಶ್ಶೇರಿಲ್ ಡಯೊನೀಸಿಯಸ್ ಅವರಿಗೂ ಸಭೆಯ ಲೌಕಿಕ ಆಡಳಿತದ ಮೇಲಿನ ಹಿಡಿತದ ವಿಷಯದಲ್ಲಿ ವಿರಸವಾಯಿತು. 1911ರಲ್ಲಿ ಪಾತ್ರಿಯಾರ್ಕ್ ಅವರು ಮೆಟ್ರೊಪಾಲಿಟನ್‌ರಿಗೆ ಬಹಿಷ್ಕಾರ ಹಾಕಿದರು. ಮರುವರ್ಷ, 1912ರಲ್ಲಿ ಮತ್ತೊಬ್ಬ ಪಾತ್ರಿಯಾರ್ಕ್ ಅಬ್ದುಲ್ ಮಸೀಹ್ ನಿರಣಂಗೆ ಬಂದು ಮಲಂಕರಕ್ಕೇ ಒಬ್ಬ ಕ್ಯಾಥೊಲಿಕೋಸ್, ಅಂದರೆ ಸ್ವತಂತ್ರ ಮುಖ್ಯಸ್ಥನನ್ನು ನೇಮಿಸಿದರು. ತುರ್ಕಿ ಸುಲ್ತಾನ ಅವರನ್ನು ಪದಚ್ಯುತಗೊಳಿಸಿದ್ದರಿಂದ ಅವರಿಗೆ ಆ ಅಧಿಕಾರವಿರಲಿಲ್ಲವೆಂದು ಒಂದು ಪಕ್ಷ, ಸುಲ್ತಾನನ ಫರ್ಮಾನಿನಿಂದ ಗುರುಪದವಿ ಹೋಗುವುದಿಲ್ಲವೆಂದು ಇನ್ನೊಂದು ಪಕ್ಷ. ಇತ್ತ ಬಡ್ಡಿಯ ಹಣವನ್ನು ಯಾರಿಗೆ ಕೊಡಬೇಕೆಂದು ತಿಳಿಯದ ಸರ್ಕಾರ 1913ರಲ್ಲಿ ನ್ಯಾಯಾಲಯಕ್ಕೆ ಹೋಯಿತು. ಆ ಮೊಕದ್ದಮೆ 1928ರವರೆಗೆ ಎಳೆಯಿತು.

ಹನ್ನೆರಡು ವರ್ಷಗಳ ಶಾಂತಿ

1934ರಲ್ಲಿ ಕ್ಯಾಥೊಲಿಕೋಸ್ ಪಕ್ಷ ತನ್ನ ಸಂವಿಧಾನವನ್ನು ಅಂಗೀಕರಿಸಿತು. ಇಂದಿನ ಎಲ್ಲ ವಾದವೂ ಅದರ ಸುತ್ತಲೇ ತಿರುಗುತ್ತದೆ. ಮಲಂಕರ ಸಭೆ ಆರ್ಥೊಡಾಕ್ಸ್ ಸುರಿಯಾನಿ ಸಭೆಯ ಒಂದು ಭಾಗ, ಅದರ ಪರಮ ಮುಖ್ಯಸ್ಥ ಆಂಟಿಯೋಕ್‌ನ ಪಾತ್ರಿಯಾರ್ಕ್ ಎಂದು ಅದರ ಮೊದಲ ವಿಧಿಯೇ ಹೇಳುತ್ತದೆ. ಅದೇ ಸಂವಿಧಾನ ದಿನನಿತ್ಯದ ಆಡಳಿತವನ್ನೆಲ್ಲ ಕ್ಯಾಥೊಲಿಕೋಸ್ ಮತ್ತು ಮೆಟ್ರೊಪಾಲಿಟನ್ ಕೈಗೆ ಕೊಡುತ್ತದೆ. ಜಾಕೋಬೈಟರು ಮೊದಲ ವಿಧಿಯನ್ನು ತೋರಿಸುತ್ತಾರೆ, ಆರ್ಥೊಡಾಕ್ಸರು ಉಳಿದ ವಿಧಿಗಳನ್ನು ತೋರಿಸುತ್ತಾರೆ.

1958ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕ್ಯಾಥೊಲಿಕೋಸ್ ಪಕ್ಷದ ಪರ ತೀರ್ಪು ನೀಡಿತು. ಆಶ್ಚರ್ಯವೆಂದರೆ ತೀರ್ಪು ರಾಜಿಗೆ ದಾರಿಯಾಯಿತು. ಡಿಸೆಂಬರ್ 16ರಂದು ಪಾತ್ರಿಯಾರ್ಕ್ ಮೂರನೇ ಯಾಕೂಬ್ ಮತ್ತು ಕ್ಯಾಥೊಲಿಕೋಸ್ ಪರಸ್ಪರರನ್ನು ಅಂಗೀಕರಿಸಿದರು. 1964ರಲ್ಲಿ ಪಾತ್ರಿಯಾರ್ಕ್ ಸ್ವತಃ ಕೇರಳಕ್ಕೆ ಬಂದು ಹೊಸ ಕ್ಯಾಥೊಲಿಕೋಸ್ ಬಸೇಲಿಯೋಸ್ ಔಗೇನ್ ಅವರ ಪಟ್ಟಾಭಿಷೇಕ ನೆರವೇರಿಸಿದರು. ಅರ್ಧ ಶತಮಾನದ ಜಗಳ ಮುಗಿಯಿತೆಂದು ಜನ ನಂಬಿದರು.

1970ರಲ್ಲಿ ಮತ್ತೆ ಕಿಡಿ ಹಾರಿತು. ಕ್ಯಾಥೊಲಿಕೋಸ್ ತಮ್ಮ ಪೀಠವನ್ನು ಸಂತ ತೋಮಸರ ಸಿಂಹಾಸನವೆಂದು ಕರೆದುಕೊಂಡದ್ದನ್ನು ಪಾತ್ರಿಯಾರ್ಕ್ ಆಕ್ಷೇಪಿಸಿ, ತೋಮಸರಿಗೆ ಗುರುಪದವಿಯೇ ಸಿಕ್ಕಿರಲಿಲ್ಲ ಎಂಬರ್ಥದ ಪತ್ರ ಬರೆದರು. ತೋಮಸರ ಹೆಸರಿನಲ್ಲೇ ಬಾಳುವ ಸಮುದಾಯಕ್ಕೆ ಇದಕ್ಕಿಂತ ದೊಡ್ಡ ನೋವು ಬೇರೊಂದಿರಲಿಲ್ಲ. 1975ರಲ್ಲಿ ಪಾತ್ರಿಯಾರ್ಕ್ ತಮ್ಮ ಪಕ್ಷಕ್ಕೆ ಪ್ರತ್ಯೇಕ ಕ್ಯಾಥೊಲಿಕೋಸ್‌ರನ್ನು ನೇಮಿಸಿದರು. ಇದೇ ಮೂರನೇ ಯಾಕೂಬ್ ಅವರೇ 1971ರಲ್ಲಿ ಪೋಪ್ ಜತೆ ಕುಳಿತು ಒಂದೂವರೆ ಸಾವಿರ ವರ್ಷಗಳ ವಿವಾದ ಮಾತುಗಳದ್ದಷ್ಟೇ ಎಂದು ಒಪ್ಪಿದವರು. ರೋಮ್‌ನೊಂದಿಗೆ ಸಾಧ್ಯವಾದ ಸೌಹಾರ್ದ ಕೊಟ್ಟಯಂನೊಂದಿಗೆ ಸಾಧ್ಯವಾಗದ್ದಕ್ಕೆ ಕಾರಣ ಸರಳ. ರೋಮ್‌ನೊಂದಿಗೆ ಹಂಚಿಕೊಳ್ಳಬೇಕಾದ ಚರ್ಚುಗಳಿರಲಿಲ್ಲ.

ತೀರ್ಪುಗಳ ಸರಣಿ

1995ರಲ್ಲಿ ಸುಪ್ರೀಂ ಕೋರ್ಟ್ ಮತ್ತೊಮ್ಮೆ 1934ರ ಸಂವಿಧಾನವನ್ನೇ ಎತ್ತಿಹಿಡಿಯಿತು. ಸಭೆಯ ಪ್ರತಿನಿಧಿಗಳ ಚುನಾವಣೆ ನಡೆಸಿ ಯಾರು ಮೆಟ್ರೊಪಾಲಿಟನ್ ಎಂಬುದನ್ನು ನಿರ್ಧರಿಸುವ ಅವಕಾಶವೂ ಒದಗಿತು. 2002ರ ಮಾರ್ಚ್‌ನಲ್ಲಿ ಪರುಮಲದಲ್ಲಿ ನಡೆದ ಆ ಸಭೆಗೆ ಸುಪ್ರೀಂ ಕೋರ್ಟ್ ವೀಕ್ಷಕರನ್ನಾಗಿ ನೇಮಿಸಿದ್ದು ಕರ್ನಾಟಕದ ನ್ಯಾಯಮೂರ್ತಿ ವಿ.ಎಸ್. ಮಳೀಮಠ ಅವರನ್ನು. ಕರ್ನಾಟಕ ಮತ್ತು ಕೇರಳ ಎರಡೂ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಯಾಗಿದ್ದವರು ಅವರು. ಜಾಕೋಬೈಟ್ ಪಕ್ಷ ಅದರಿಂದ ದೂರ ಉಳಿದು, ಅದೇ ವರ್ಷದ ಜುಲೈನಲ್ಲಿ ಪುತ್ತನ್‌ಕುರಿಶಿನಲ್ಲಿ ತನ್ನದೇ ಸಂಘ ಹಾಗೂ ತನ್ನದೇ ಸಂವಿಧಾನ ರಚಿಸಿಕೊಂಡಿತು.

2017ರ ಜುಲೈ 3ರಂದು ಬಂದ ತೀರ್ಪು ಇನ್ನಷ್ಟು ಖಚಿತವಾಗಿತ್ತು. ಮಲಂಕರ ಸಭೆಯ 1,064 ಚರ್ಚುಗಳಿಗೂ 1934ರ ಸಂವಿಧಾನವೇ ಅನ್ವಯ, ಸಮಾನಾಂತರ ಆಡಳಿತಕ್ಕೆ ಅವಕಾಶವಿಲ್ಲ, ಬೇಡವೆನ್ನುವವರು ಸಭೆಯನ್ನು ಬಿಟ್ಟುಹೋಗಬಹುದು, ಆದರೆ ಚರ್ಚನ್ನು ಕೊಂಡೊಯ್ಯುವಂತಿಲ್ಲ ಎಂಬುದು ಅದರ ತಿರುಳು. ಕಾನೂನಿನ ದೃಷ್ಟಿಯಿಂದ ಪ್ರಶ್ನೆ ಅಲ್ಲಿಗೆ ಮುಗಿಯಿತು. ನೆಲದ ಮೇಲೆ ಅದು ಅಲ್ಲಿಂದ ಶುರುವಾಯಿತು. 2019ರಲ್ಲಿ ಪಿರವಂ, 2020ರಲ್ಲಿ ಮುಳಂತುರುತ್ತಿ ಚರ್ಚುಗಳನ್ನು ಪೊಲೀಸರು ಪ್ರತಿಭಟನಾಕಾರರನ್ನು ತೆರವುಗೊಳಿಸಿ ವಶಕ್ಕೆ ಪಡೆಯಬೇಕಾಯಿತು.

ಎರಡೂ ಪಕ್ಷಗಳ ವಾದದಲ್ಲಿ ಹುರುಳಿಲ್ಲದಿಲ್ಲ. ಸುಪ್ರೀಂ ಕೋರ್ಟ್ ಮೂರು ಬಾರಿ ಹೇಳಿದ್ದನ್ನು ಪಾಲಿಸುವುದಿಲ್ಲವೆಂದರೆ ದೇಶದಲ್ಲಿ ಕಾನೂನಿಗೆ ಅರ್ಥವೇನು ಎಂದು ಆರ್ಥೊಡಾಕ್ಸರು ಕೇಳುತ್ತಾರೆ. ನಮ್ಮ ಅಜ್ಜ-ಮುತ್ತಜ್ಜರು ಕಲ್ಲು ಹೊತ್ತು ಕಟ್ಟಿದ ಚರ್ಚಿನಲ್ಲಿ, ನಾವೇ ಬಹುಸಂಖ್ಯಾತರಾಗಿರುವ ಊರಿನಲ್ಲಿ ನಾವು ಹೊರಗಿನವರಾಗುವುದು ಯಾವ ನ್ಯಾಯ ಎಂದು ಜಾಕೋಬೈಟರು ಕೇಳುತ್ತಾರೆ. ನ್ಯಾಯಮೂರ್ತಿ ಕೆ.ಟಿ. ಥಾಮಸ್ ನೇತೃತ್ವದ ಕೇರಳ ಕಾನೂನು ಸುಧಾರಣಾ ಆಯೋಗ ಚರ್ಚುವಾರು ಬಹುಮತ ಕೇಳಿ ತೀರ್ಮಾನಿಸುವ ಕರಡು ಮಸೂದೆಯನ್ನು ಮುಂದಿಟ್ಟಿತು. ಮೊದಲ ಪಕ್ಷಕ್ಕೆ ಇದು ಗೆದ್ದ ತೀರ್ಪನ್ನು ಕಸಿಯುವ ಉಪಾಯವಾಗಿ ಕಂಡಿತು, ಎರಡನೆಯ ಪಕ್ಷಕ್ಕೆ ನ್ಯಾಯದ ದಾರಿಯಾಗಿ ಕಂಡಿತು.

2024ರ ಡಿಸೆಂಬರ್ 3ರಂದು ಸುಪ್ರೀಂ ಕೋರ್ಟ್ ಎರ್ನಾಕುಳಂ ಮತ್ತು ಪಾಲಕ್ಕಾಡ್ ಜಿಲ್ಲೆಗಳ ಆರು ಚರ್ಚುಗಳ ಆಡಳಿತವನ್ನು ಆರ್ಥೊಡಾಕ್ಸರಿಗೆ ಒಪ್ಪಿಸಲು ಸೂಚಿಸಿತು. ಜತೆಗೆ ಸ್ಮಶಾನ, ಶಾಲೆ, ಆಸ್ಪತ್ರೆಗಳು ಜಾಕೋಬೈಟರಿಗೂ ತೆರೆದಿರಬೇಕೆಂದಿತು. ಅದೇ ತಿಂಗಳು ಯಥಾಸ್ಥಿತಿ ಕಾಯ್ದುಕೊಳ್ಳಲು ಹೇಳಿ, 2025ರ ಜನವರಿ 30ರಂದು ಹೈಕೋರ್ಟ್ ವಿಷಯವನ್ನು ಹೊಸದಾಗಿ ಪರಿಶೀಲಿಸಲೆಂದು ಹಿಂದಕ್ಕೆ ಕಳುಹಿಸಿತು. 2024ರ ಅಕ್ಟೋಬರ್ 31ರಂದು ಜಾಕೋಬೈಟ್ ಕ್ಯಾಥೊಲಿಕೋಸ್ ಮೊದಲನೇ ಬಸೇಲಿಯೋಸ್ ತೋಮಸ್ ನಿಧನರಾದರು. ಅವರ ಉತ್ತರಾಧಿಕಾರಿ ಬಸೇಲಿಯೋಸ್ ಜೋಸೆಫ್ ಅವರಿಗೆ 2025ರ ಮಾರ್ಚ್ 25ರಂದು ಲೆಬನಾನ್‌ನಲ್ಲಿ ಪಾತ್ರಿಯಾರ್ಕ್ ಪಟ್ಟ ಕಟ್ಟಿದರು. ಒಂದಾಗುವ ನಿರೀಕ್ಷೆ ಹೊಂದಿದ್ದವರಿಗೆ ಅದೊಂದು ಸ್ಪಷ್ಟ ಉತ್ತರ.

ನಮ್ಮ ಕರಾವಳಿಯಲ್ಲೂ

ಇದು ಕೇವಲ ಕೇರಳದ ಕಥೆಯಲ್ಲ. ಉಡುಪಿ ಜಿಲ್ಲೆಯ ಬ್ರಹ್ಮಾವರದಲ್ಲಿ ಕೊಂಕಣಿ ಮನೆಮಾತಿನ ಆರ್ಥೊಡಾಕ್ಸ್ ಸುರಿಯಾನಿ ಕ್ರೈಸ್ತರಿದ್ದಾರೆ. ಇವರ ಪೂರ್ವಜರು ಕರಾವಳಿಯ ಉಳಿದ ಕೊಂಕಣಿ ಕ್ರೈಸ್ತರಂತೆ ರೋಮನ್ ಕ್ಯಾಥೊಲಿಕರೇ ಆಗಿದ್ದರು. ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿನ ಇಗರ್ಜಿಗಳ ಮೇಲೆ ಪೋರ್ಚುಗಲ್ ದೊರೆಯ ಆಶ್ರಯದ ಗೋವಾದ ಆರ್ಚ್‌ಬಿಷಪರಿಗೂ ರೋಮ್ ನೇರವಾಗಿ ಕಳುಹಿಸಿದ ಬಿಷಪರಿಗೂ ಅಧಿಕಾರದ ಪೈಪೋಟಿಯಿತ್ತು. 1886ರಲ್ಲಿ ರೋಮ್ ಮತ್ತು ಪೋರ್ಚುಗಲ್ ಒಪ್ಪಂದ ಮಾಡಿಕೊಂಡು ಗಡಿ ಹಂಚಿಕೊಂಡವು. ಜನರನ್ನು ಯಾರೂ ಕೇಳಲಿಲ್ಲ. ಗೋವಾದ ವೆರ್ಣಾ ಮೂಲದ ಪಾದ್ರಿ ಆಂತೋನಿಯೊ ಫ್ರಾನ್ಸಿಸ್ಕೊ ಶಾವಿಯೆರ್ ಅಲ್ವಾರಿಸ್ ಇದನ್ನು ವಿರೋಧಿಸಿ, 1889ರಲ್ಲಿ ಕೊಟ್ಟಯಂನಲ್ಲಿ ಮಾರ್ ಜೂಲಿಯಸ್ ಎಂಬ ಹೆಸರಿನಿಂದ ಸುರಿಯಾನಿ ಬಿಷಪ್ ಆದರು. ಪಾದ್ರಿ ರೋಕ್ ಝೆಫ್ರಿನ್ ನೊರೊನ್ಹಾ ಅವರ ನೇತೃತ್ವದಲ್ಲಿ ಬ್ರಹ್ಮಾವರದ ಕುಟುಂಬಗಳು ಅವರೊಂದಿಗೆ ನಿಂತವು. ಇಲ್ಲಿಯೂ ಕಿತ್ತಾಟ ಯೇಸುವಿನ ಬಗ್ಗೆ ಅಲ್ಲ, ಬಿಷಪ್ ಯಾರು ಎಂಬುದರ ಬಗ್ಗೆ.

ಇಂದು ನಮ್ಮ ಕರಾವಳಿಯಲ್ಲಿ ಬೆಳ್ತಂಗಡಿಯಲ್ಲಿ ಸಿರೊ ಮಲಬಾರ್, ಪುತ್ತೂರಿನಲ್ಲಿ ಸಿರೊ ಮಲಂಕರ, ಬ್ರಹ್ಮಾವರದಲ್ಲಿ ಆರ್ಥೊಡಾಕ್ಸ್ ಧರ್ಮಪ್ರಾಂತ್ಯಗಳಿವೆ. ಮೊದಲೆರಡು ರೋಮ್‌ಗೆ ಸೇರಿದವು, ಮೂರನೆಯದು ಸೇರದ್ದು. 1653ರ ಮುಂಚೆ ಒಂದೇ ಆಗಿದ್ದ ಸಭೆಯ ಮೂರು ಕವಲುಗಳು ನೂರಿನ್ನೂರು ಕಿಲೋಮೀಟರ್ ಅಂತರದೊಳಗೆ ಇವೆ. ಅವುಗಳ ಭಕ್ತರು ಒಂದೇ ಬಸ್ಸಿನಲ್ಲಿ ಓಡಾಡುತ್ತಾರೆ, ಒಬ್ಬರ ಮದುವೆಗೆ ಇನ್ನೊಬ್ಬರು ಹೋಗುತ್ತಾರೆ. ಬೀಗದ ಪ್ರಶ್ನೆ ಇಲ್ಲದ ಕಡೆ ಭಿನ್ನತೆ ಹೊರೆಯಾಗುವುದಿಲ್ಲ ಎಂಬುದಕ್ಕೆ ಇದೂ ಒಂದು ನಿದರ್ಶನ.

ಉಕ್ರೇನ್‌ನಿಂದ ಚೆನ್ನೈವರೆಗೆ

ಅಧಿಕಾರದ ಗಂಟು ಎಷ್ಟು ಬಿಗಿಯಾಗಬಲ್ಲದು ಎಂಬುದನ್ನು ಉಕ್ರೇನ್ ತೋರಿಸಿದೆ. ಅಲ್ಲಿ ಸ್ವತಂತ್ರ ಸಭೆಗೆ ಮಾನ್ಯತೆ ನೀಡಲು ಕಾನ್‌ಸ್ಟಾಂಟಿನೋಪಲ್ ಮುಂದಾದಾಗ, ಮಾಸ್ಕೊ ಸಭೆ 2018ರ ಅಕ್ಟೋಬರ್ 15ರಂದು ಅದರೊಂದಿಗಿನ ಧಾರ್ಮಿಕ ಸಂಬಂಧವನ್ನೇ ಕಡಿದುಕೊಂಡಿತು. 2019ರ ಜನವರಿಯಲ್ಲಿ ಮಾನ್ಯತೆ ಸಿಕ್ಕಿತು. ಎರಡೂ ಕಡೆಯವರ ವಿಶ್ವಾಸ ಪ್ರಮಾಣದಲ್ಲಿ ಒಂದು ಅಕ್ಷರದ ವ್ಯತ್ಯಾಸವಿರಲಿಲ್ಲ. 2022ರ ಯುದ್ಧದ ನಂತರ ಅಲ್ಲಿನ ಊರೂರುಗಳಲ್ಲಿ ಚರ್ಚ್ ಯಾವ ಪಕ್ಷದ್ದು ಎಂಬ ಜಗಳ ಇನ್ನೂ ತೀಕ್ಷ್ಣವಾಯಿತು.

ಹಾಗೆಂದು ಒಡೆದದ್ದು ಕೂಡುವುದೇ ಇಲ್ಲ ಎಂದಲ್ಲ. 1947ರ ಸೆಪ್ಟೆಂಬರ್ 27ರಂದು ಅಂದಿನ ಮದರಾಸಿನಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್ ಹಾಗೂ ದಕ್ಷಿಣ ಭಾರತ ಸಂಯುಕ್ತ ಸಭೆಗಳು ಸೇರಿ ಚರ್ಚ್ ಆಫ್ ಸೌತ್ ಇಂಡಿಯಾ ಆದವು. ಬಿಷಪ್ ಪದ್ಧತಿ ಇದ್ದವರೂ ಇಲ್ಲದವರೂ ಒಂದಾದ ಅಪರೂಪದ ಪ್ರಸಂಗ ಅದು. ಅದಕ್ಕೆ 1919ರಿಂದ ಇಪ್ಪತ್ತೆಂಟು ವರ್ಷಗಳ ಮಾತುಕತೆ ಹಿಡಿಯಿತು. ಪರಸ್ಪರರ ಗುರುಗಳನ್ನು ಮತ್ತೆ ದೀಕ್ಷೆ ಕೊಡದೆ ಹಾಗೆಯೇ ಒಪ್ಪಿಕೊಂಡದ್ದು, ಹೊಂದಿಕೊಳ್ಳಲು ಮೂವತ್ತು ವರ್ಷಗಳ ಅವಧಿ ಇಟ್ಟುಕೊಂಡದ್ದು ಅದರ ಯಶಸ್ಸಿನ ಗುಟ್ಟು. ಅಧಿಕಾರದ ಪ್ರಶ್ನೆಯನ್ನು ಅವರು ಮೊದಲೇ ಮೇಜಿನ ಮೇಲಿಟ್ಟು ಬಗೆಹರಿಸಿಕೊಂಡರು. ಒಂದಾದ ಮೇಲೂ ಆಸ್ತಿ ಮತ್ತು ಚುನಾವಣೆಯ ವ್ಯಾಜ್ಯಗಳು ಆ ಸಭೆಯನ್ನು ಬಿಟ್ಟಿಲ್ಲ ಎಂಬುದೂ ನಿಜ. ಆದರೆ ಅಲ್ಲಿ ಒಬ್ಬರ ಶವಕ್ಕೆ ಇನ್ನೊಬ್ಬರು ಬಾಗಿಲು ಹಾಕುವ ಹಳೆಯ ಪಂಗಡಗಳು ಉಳಿದಿಲ್ಲ.

ತೀರ್ಪು ಕೊಡಲಾಗದ್ದು

ನ್ಯಾಯಾಲಯ ಮಾಡಬಹುದಾದ ಕೆಲಸಕ್ಕೆ ಒಂದು ಮಿತಿ ಇದೆ. ಆಸ್ತಿ ಯಾರದೆಂದು ಅದು ಹೇಳಬಲ್ಲದು. ಆ ಆಸ್ತಿಯೊಳಗೆ ಮೊಣಕಾಲೂರುವವರ ಮನಸ್ಸು ಯಾರದೆಂದು ಹೇಳಲಾರದು. 1958ರ ತೀರ್ಪಿನ ನಂತರ ಹನ್ನೆರಡು ವರ್ಷ ಶಾಂತಿ ಇದ್ದದ್ದು ತೀರ್ಪಿನ ಬಲದಿಂದಲ್ಲ, ಗೆದ್ದವರು ಮತ್ತು ಸೋತವರು ಮೂರೇ ತಿಂಗಳಲ್ಲಿ ಒಬ್ಬರನ್ನೊಬ್ಬರು ಅಂಗೀಕರಿಸಿದ್ದರಿಂದ. 2017ರ ನಂತರ ಅಂಥ ಯಾವ ಹೆಜ್ಜೆಯೂ ಬರಲಿಲ್ಲ. ಗೆದ್ದವರು ಅಕ್ಷರಶಃ ಜಾರಿ ಬಯಸಿದರು, ಸೋತವರು ಬೇರೆಯಾಗಿಯೇ ಉಳಿಯುವ ದಾರಿ ಹಿಡಿದರು. ಸರ್ಕಾರಗಳು ಮತದ ಲೆಕ್ಕ ಹಾಕುತ್ತ ನಡುವೆ ನಿಂತವು.

2020ರ ಕಾಯ್ದೆ ಸತ್ತವರಿಗೆ ಮಣ್ಣನ್ನು ಕೊಟ್ಟಿತು. ಆದರೆ ಅದರ ಪ್ರಕಾರವೂ ಚರ್ಚಿನ ಆಡಳಿತ ಎದುರು ಪಕ್ಷದ ಕೈಯಲ್ಲಿದ್ದರೆ ಮನೆಯವರು ತಮ್ಮ ಗುರುವಿನಿಂದ ಪ್ರಾರ್ಥನೆಯನ್ನು ಬೇರೆಡೆ ಮುಗಿಸಿಕೊಂಡು, ಸ್ಮಶಾನಕ್ಕೆ ಶವವನ್ನಷ್ಟೇ ತರಬೇಕು. ಹುಟ್ಟಿದಾಗ ಸ್ನಾನದೀಕ್ಷೆ ಪಡೆದ ಚರ್ಚಿನ ಬಾಗಿಲ ಮುಂದಿನಿಂದಲೇ ಮೌನವಾಗಿ ಹಾದುಹೋಗಿ, ಹಿಂಬದಿಯ ಗುಂಡಿಗೆ ಇಳಿಯಬೇಕು. ಗುಂಡಿಯ ಪಕ್ಕದಲ್ಲಿ ಹೇಳಬೇಕಾಗಿದ್ದ ಪ್ರಾರ್ಥನೆ ಎರಡೂ ಪಕ್ಷಗಳ ಪುಸ್ತಕದಲ್ಲಿ ಒಂದೇ. ಅದನ್ನು ಯಾರು ಓದಿದರೂ ಸತ್ತವರಿಗೆ ವ್ಯತ್ಯಾಸವಾಗದು. ವ್ಯತ್ಯಾಸವಾಗುತ್ತಿರುವುದು ಬದುಕಿರುವವರಿಗೆ. ಎರಡೂ ಕಡೆಯ ಹಿರಿಯ ಗುರುಗಳು ಮಾತುಕತೆ ಎಲ್ಲಿಂದ ಆರಂಭಿಸಬೇಕೆಂದು ಹುಡುಕುತ್ತಿದ್ದರೆ, ಆಸ್ತಿಪತ್ರಗಳನ್ನು ಬದಿಗಿಟ್ಟು ಆ ಗುಂಡಿಯ ಪಕ್ಕದಿಂದಲೇ ಆರಂಭಿಸಬಹುದು.